ಓದಲು ಬಾರದ ಪುಸ್ತಕಕ್ಕೆ ಇಟ್ಟ ಕುಂಕುಮ

ಮಾಲತಿ ಆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿದ್ದು ಶುದ್ಧ ಭಕ್ತಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಅವಳ ಗಂಡ ಯೋಗೀಶ ಬಾಯಿಗೆ ಬಂದಂತೆ ಮಾತಾಡಿದ. ಪಾಪ, ಅವನನ್ನೂ ಪೂರ್ತಿ ದೂರುವ ಹಾಗಿಲ್ಲ. ಸ್ಟಾಕ್‌ಹೋಮಿನಲ್ಲಿ ಏಳು ವರ್ಷಕ್ಕೆ ಐದು ಮನೆ ಬದಲಿಸಿದ ಗಂಡಸಿಗೆ ಮನೆಯೊಡತಿಯ ಹೆಸರು ಕೇಳಿದರೇ ಪೆಟ್ಟಿಗೆ ಕಟ್ಟುವುದು ನೆನಪಾಗುತ್ತದೆ.

ಈ ಊರಿನಲ್ಲಿ ಬಾಡಿಗೆ ಮನೆ ನೇರವಾಗಿ ಸಿಗಬೇಕೆಂದರೆ ಸರದಿಯಲ್ಲಿ ಹೆಸರು ಬರೆಸಿ ಹತ್ತು ಹದಿನೈದು ವರ್ಷ ಕಾಯಬೇಕು. ಅಷ್ಟು ಕಾಯಲಾಗದವರು ಯಾರದೋ ಮನೆಯನ್ನು ಅವರ ಸೋಫಾ, ಅವರ ಮಂಚ, ಅವರ ಚಮಚಗಳ ಸಮೇತ ಒಂದೊಂದು ವರ್ಷಕ್ಕೆ ಹಿಡಿಯುತ್ತಾರೆ. ಯೋಗೀಶ ಕಿಸ್ಟಾದ ಒಂದು ಟೆಲಿಕಾಂ ಆಫೀಸಿನಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಮೆಟ್ರೋದ ನೀಲಿ ಲೈನ್‌ನಲ್ಲಿ ಒಂದೇ ಸ್ಟಾಪ್ ದೂರ ಈ ಐದನೆಯ ಮನೆ. ಮಗಳು ಇಳಾ ಒಂಬತ್ತನೆಯ ತರಗತಿಯಲ್ಲಿದ್ದಳು. ಮನೆ ಮನೆ ತಿರುಗುವಾಗ ಮೂರು ಶಾಲೆ ಬದಲಿಸಿ ಮಾತೇ ಕಡಿಮೆ ಮಾಡಿಕೊಂಡಿದ್ದ ಹುಡುಗಿ ಇಲ್ಲಿಗೆ ಬಂದ ಎರಡು ತಿಂಗಳಿಗೆ ಒಬ್ಬ ಗೆಳತಿಯನ್ನು ಮನೆಗೆ ಕರೆದುಕೊಂಡು ಬಂದಳು. ಇಬ್ಬರೂ ರೂಮಿನ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಕಿಲಕಿಲ ನಕ್ಕರು. ಅವತ್ತೇ ಮಾಲತಿ ತೀರ್ಮಾನ ಮಾಡಿದ್ದಳು, ಇನ್ನು ಈ ಮನೆ ಬಿಡುವ ಮಾತೇ ಇಲ್ಲ ಅಂತ. ತೀರ್ಮಾನವೇನೋ ಅವಳದು, ಮನೆ ಮಾತ್ರ ಗುನ್‌ವೋರ್ ಅವರದು.

ಗುನ್‌ವೋರ್ ಎಪ್ಪತ್ತೆರಡು ವರ್ಷದ ಒಂಟಿ ಹೆಂಗಸು. ಯೂನಿವರ್ಸಿಟಿಯಲ್ಲಿ ಜಪಾನೀ ಸಾಹಿತ್ಯ ಕಲಿಸಿ ನಿವೃತ್ತರಾದವರು. ಸೊಂಟ ಮುರಿದುಕೊಂಡ ಅಕ್ಕನನ್ನು ನೋಡಿಕೊಳ್ಳಲು ಟ್ರೋಲ್‌ಹೆಟ್ಟನ್ ಊರಿಗೆ ಹೋಗುವಾಗ ಮನೆಯನ್ನು ಇವರಿಗೆ ಒಂದು ವರ್ಷಕ್ಕೆ ಕೊಟ್ಟಿದ್ದರು. ಒಪ್ಪಂದದಲ್ಲಿ ಹದಿನಾಲ್ಕು ಷರತ್ತು. ಒಂಬತ್ತನೆಯದು ಹೀಗಿತ್ತು: ಹಾಲ್‌ನಲ್ಲಿರುವ ಪುಸ್ತಕದ ಕಪಾಟನ್ನು ಮುಟ್ಟಕೂಡದು. ಅದರಲ್ಲಿ ನಾನೂರು ಜಪಾನೀ ಪುಸ್ತಕಗಳಿದ್ದವು. ಒಪ್ಪಂದ ಡಿಸೆಂಬರ್ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವುದು ಬಿಡುವುದು ಅವರ ಇಷ್ಟ.

ನವರಾತ್ರಿ ಬಂತು. ಸರಸ್ವತಿ ಪೂಜೆಗೆ ಮಣೆ ಹಾಕಿ, ಅದರ ಮೇಲೆ ರವಿಕೆ ಕಣ ಹಾಸಿ ಮಾಲತಿ ಸುತ್ತ ನೋಡಿದರೆ ಮನೆಯಲ್ಲಿ ಇಡಲಿಕ್ಕೆ ಒಂದು ಪುಸ್ತಕವಿಲ್ಲ. ಅವಳ ಪುಸ್ತಕಗಳೆಲ್ಲ ವಿಮಾನದ ತೂಕಕ್ಕೆ ಹೆದರಿ ಬೆಂಗಳೂರಿನ ತಂಗಿಯ ಮನೆಯಲ್ಲೇ ಉಳಿದಿದ್ದವು. ಇಳಾಳ ಓದೆಲ್ಲ ಲ್ಯಾಪ್‌ಟಾಪ್‌ನಲ್ಲಿ. ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ಟರೆ ಆಯುಧಪೂಜೆ ಆದೀತು, ಸರಸ್ವತಿ ಪೂಜೆ ಹೇಗಾದೀತು. ಅಷ್ಟು ಹೊತ್ತಿಗೆ ಕಣ್ಣು ಕಪಾಟಿನ ಕಡೆ ಹೋಯಿತು. ನಾನೂರು ಪುಸ್ತಕ ಮನೆಯಲ್ಲಿಟ್ಟುಕೊಂಡು ಸರಸ್ವತಿಗೆ ಖಾಲಿ ಮಣೆ ತೋರಿಸುವುದೇ?

"ಮುಟ್ಬೇಡಿ ಅಂದ್ರೆ ಓದ್ಬೇಡಿ ಅಂತ ತಾನೇ. ನನಗೆಲ್ಲಿ ಓದಕ್ಕೆ ಬರತ್ತೆ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಐದು ದಪ್ಪ ಪುಸ್ತಕ ಇಳಿಸಿದಳು. ನೆನೆಸಿದ ಅರಿಶಿನ, ಮೇಲೆ ಕುಂಕುಮ, ಅಕ್ಷತೆ, ಹೂವಿನಂಗಡಿಯ ದುಬಾರಿ ಸೇವಂತಿಗೆ. ಕೈಮುಗಿದು, ಮಗಳಿಗೆ ಈ ಊರಿನಲ್ಲೇ ಓದು ಮುಗಿಯಲಿ ತಾಯಿ ಎಂದು ಬೇಡಿಕೊಂಡಳು. ವಿಜಯದಶಮಿಯ ದಿನ ಪುಸ್ತಕಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಕುಕ್ಕರ್ ಮೂರನೆಯ ಸಲ ಕೂಗಿತು. ಅವಸರದಲ್ಲಿ ಎಲ್ಲವನ್ನೂ ಇದ್ದ ಜಾಗಕ್ಕೆ ತಳ್ಳಿ ಓಡಿದಳು. ಅರಿಶಿನಕ್ಕೆ ನೀರು ತಾಗಿದರೆ ಏನಾಗುತ್ತದೆ ಎಂದು ಇಪ್ಪತ್ತು ವರ್ಷ ಅಡುಗೆ ಮಾಡಿದವಳಿಗೆ ಹೇಳಿಕೊಡಬೇಕೆ. ಆದರೂ ಓಡಿದಳು.

ನವೆಂಬರ್ ನಡುವಿನಲ್ಲಿ ಗುನ್‌ವೋರ್ ಅವರ ಮೆಸೇಜ್ ಬಂತು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬರುತ್ತೇನೆ, ಕಪಾಟಿನಿಂದ ಒಂದು ಪುಸ್ತಕ ಬೇಕು, ಒಪ್ಪಂದದ ಬಗ್ಗೆಯೂ ಮಾತಾಡೋಣ. ಓದಿದ ಕೂಡಲೇ ಮಾಲತಿ ಧೂಳು ಹೊಡೆಯುವ ಬಟ್ಟೆ ಹಿಡಿದು ಕಪಾಟಿಗೆ ಹೋದಳು. ನಾಲ್ಕು ಪುಸ್ತಕಕ್ಕೆ ನಯವಾದ ಹೊದಿಕೆ ಇತ್ತು, ಅವಕ್ಕೇನೂ ಆಗಿರಲಿಲ್ಲ. ಐದನೆಯದು ಬೂದುಬಣ್ಣದ ಬಟ್ಟೆಯ ರಟ್ಟಿನ ಹಳೆಯ ಪುಸ್ತಕ. ಅದರ ಮೇಲೆ ಅಂಗೈಯಗಲ ಹಳದಿ ಕಲೆ, ನಡುವೆ ಕೆಂಪು. ರಟ್ಟು ದಾಟಿ ಒಳಗಿನ ಎರಡು ಹಾಳೆಗೂ ಇಳಿದಿತ್ತು.

"ರೀ, ಸ್ವಲ್ಪ ಇಲ್ಲಿ ಬನ್ನಿ."

ಯೋಗೀಶ ಬಂದು ನೋಡಿದ. ಅವನ ಮುಖದಲ್ಲಿ ಮೊದಲು ಅರ್ಥವಾಗದ ಕಳೆ, ಆಮೇಲೆ ಅರ್ಥವಾದ ಕಳೆ.

"ಹದಿನಾಲ್ಕು ಕಂಡಿಷನ್ ಇದೆ ಕಣೇ ಅದ್ರಲ್ಲಿ. ಹದಿನಾಲ್ಕು. ಅದ್ರಲ್ಲಿ ಹದಿಮೂರನ್ನ ಬಿಟ್ಟು ಇದೊಂದೇ ಸಿಕ್ತಾ ನಿಂಗೆ ಮುರಿಯಕ್ಕೆ? ಬೇರೆಯವರ ಮನೆ ಸಾಮಾನಿಗೆ ಪೂಜೆ ಮಾಡೋರನ್ನ ನಾನು ಎಲ್ಲೂ ನೋಡಿಲ್ಲ."

"ಸರಸ್ವತಿ ಬೇರೆಯವರ ಸಾಮಾನಾ?" ಎಂದಳು ಮಾಲತಿ. ಹೇಳಿದ ಮೇಲೆ ತನಗೇ ಅಳು ಬಂತು.

ಯೋಗೀಶ ಫೋನ್ ಹಿಡಿದು ಪುಸ್ತಕದ ಹೆಸರನ್ನು ಅನುವಾದಿಸಲು ನೋಡಿದ. ಅಂಥದೇ ಇನ್ನೊಂದು ಪ್ರತಿ ತರಿಸಿ ಇಟ್ಟುಬಿಡುವ ಉಪಾಯ. ಫೋನ್ ಒಂದು ಸಲ ಒಂದು ಹೆಸರು ಹೇಳಿತು, ಇನ್ನೊಂದು ಸಲ ಇನ್ನೊಂದು. ಎರಡು ದಿನ ಹುಡುಕಿದರೂ ಎಲ್ಲೂ ಸಿಗಲಿಲ್ಲ. ಕೊನೆಗೆ, "ನಾನೂರು ಪುಸ್ತಕ ಇದೆ, ಅವರಿಗೆ ಇದೇ ಯಾಕ್ ಬೇಕಾಗತ್ತೆ? ಹಿಂದಿನ ಸಾಲಿಗೆ ತಳ್ಳಿಬಿಡು," ಎಂದ.

"ಬಾರಾ ಸೇಗ್ ದೆ, ಮಮ್ಮಾ," ಎಂದಳು ಇಳಾ. ಹೇಳಿಬಿಡು ಅಷ್ಟೇ, ಎಂದು ಅರ್ಥ. ಹೇಳುವುದು ಅವಳಿಗೆ ಸುಲಭ. ಆದರೆ ಹಾಗಂದವಳು ರೂಮಿಗೆ ಹೋಗಿ ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ಬಿಚ್ಚಿ ಕವರಿಗೆ ಹಾಕುತ್ತಿದ್ದುದನ್ನು ಮಾಲತಿ ಬಾಗಿಲ ಸಂದಿಯಿಂದ ಕಂಡಳು. ಮನೆ ಬಿಡುವುದು ಮಗಳಿಗೆ ಇಷ್ಟು ಅಭ್ಯಾಸವಾಗಿಬಿಟ್ಟಿದೆಯಲ್ಲ ಎಂದು ಕರುಳು ಚುರ್ ಎಂದಿತು.

ಶನಿವಾರ ಗುನ್‌ವೋರ್ ಸರಿಯಾಗಿ ಎರಡಕ್ಕೆ ಬಂದರು. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು, ತಮ್ಮದೇ ಮನೆಯಲ್ಲಿ ನೆಂಟರ ಹಾಗೆ ಸೋಫಾದ ಅಂಚಿಗೆ ಕೂತರು. ಮಾಲತಿ ಫಿಲ್ಟರ್ ಕಾಫಿ, ನಿಪ್ಪಟ್ಟು ಇಟ್ಟಳು. ಫಿಕಾ ಎನ್ನುವ ಕಾಫಿ ಹೊತ್ತಿಗೆ ಸಿಹಿ ಇಲ್ಲದಿದ್ದರೆ ಇಲ್ಲಿಯವರಿಗೆ ಕಾಫಿ ಇಳಿಯುವುದಿಲ್ಲವೆಂದು ಯೋಗೀಶ ದಾಲ್ಚಿನ್ನಿ ಬನ್ನನ್ನೂ ತಂದಿದ್ದ. ಗುನ್‌ವೋರ್ ಎರಡು ನಿಪ್ಪಟ್ಟು ತಿಂದು, ಎದ್ದು, ನೇರ ಕಪಾಟಿನ ಮೂರನೆಯ ಸಾಲಿಗೆ ಹೋದರು. ಬೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿ ನಿಂತಿತು. ಮತ್ತೆ ಮೊದಲಿಂದ ಓಡಿತು.

"ಇಲ್ಲಿ ಒಂದು ಬೂದುಬಣ್ಣದ ಪುಸ್ತಕ ಇತ್ತು," ಎಂದರು. ಅವರ ಮುಖ ಬಿಳಿಚಿಕೊಂಡಿತು.

ಯೋಗೀಶ ಗಂಟಲು ಸರಿಮಾಡಿಕೊಂಡ. ಅವನು ಏನು ಸುಳ್ಳು ಹೇಳಲಿದ್ದನೋ ದೇವರಿಗೇ ಗೊತ್ತು. ಮಾಲತಿ ಅದಕ್ಕೆ ಅವಕಾಶ ಕೊಡಲಿಲ್ಲ. ಹಿಂದಿನ ಸಾಲಿಗೆ ಕೈಹಾಕಿ ಪುಸ್ತಕ ತೆಗೆದು ಆ ಮುದುಕಿಯ ಕೈಗಿಟ್ಟಳು. ನಗರಸಭೆಯ ಕ್ಲಾಸಿನಲ್ಲಿ ಎರಡು ವರ್ಷ ಕಲಿತ ಸ್ವೀಡಿಷ್ ಎರಡೇ ವಾಕ್ಯಕ್ಕೆ ಮುಗಿಯಿತು: ನಾನು ಮಾಡಿದೆ, ಓದಲು ಅಲ್ಲ. ಮುಂದಿನದನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು, ಇಳಾ ಸ್ವೀಡಿಷ್‌ಗೆ ತಿರುಗಿಸುತ್ತಾ ಹೋದಳು. ವರ್ಷಕ್ಕೊಮ್ಮೆ ನಾವು ಪುಸ್ತಕ ಓದುವುದಿಲ್ಲ, ಅದಕ್ಕೆ ಕೈಮುಗಿಯುತ್ತೇವೆ. ನಮ್ಮ ಪುಸ್ತಕ ಇರಲಿಲ್ಲ, ನಿಮ್ಮವನ್ನು ಇಟ್ಟೆ. ಒರೆಸುವಾಗ ಹಾಳು ಮಾಡಿದೆ. ನಿನ್ನೆ ಬಚ್ಚಿಟ್ಟೆ. ಬಚ್ಚಿಟ್ಟದ್ದು ದೊಡ್ಡ ತಪ್ಪು.

ಗುನ್‌ವೋರ್ ಕನ್ನಡಕ ಹಾಕಿಕೊಂಡು ಕಲೆಯನ್ನು ನೋಡಿದರು, ಕೊನೆಯ ಹಾಳೆ ತೆಗೆದು ಅಲ್ಲಿದ್ದ ಚಿಕ್ಕ ಕೆಂಪು ಮುದ್ರೆಯನ್ನು ನೋಡಿದರು. ಅದು ಮಾಸದೆ ಹಾಗೇ ಇತ್ತು.

"ಇದು ನನ್ನ ಪುಸ್ತಕ ಅಲ್ಲ," ಎಂದರು ಕೊನೆಗೆ. "ಅದೇ ತೊಂದರೆ."

ಅವರು ಹೇಳಿದ್ದು ಇಷ್ಟು. ಎಪ್ಪತ್ತೇಳನೆಯ ಇಸವಿಯಲ್ಲಿ ಜಪಾನಿನ ಕೋಬೆ ಊರಿನ ಒಂದು ಮನೆಯಲ್ಲಿ ರೂಮು ಹಿಡಿದು ಓದುತ್ತಿದ್ದರು. ಆ ಮನೆ ಮನೆಯಾಕೆಯ ಗಂಡನ ಹೆಸರಿನಲ್ಲಿತ್ತು, ಅವನು ಸತ್ತ ಮೇಲೆ ಹಿರಿಯ ಮಗನ ಹೆಸರಿಗೆ ಹೋಯಿತು. ಮನೆಯಾಕೆ ಮಾತ್ರ ದಿನಾ ಬೆಳಿಗ್ಗೆ ಮೊಣಕಾಲೂರಿ ಇಡೀ ಮನೆಯ ನೆಲ ಒರೆಸುತ್ತಿದ್ದಳು. ಒಂದು ದಿನ ಆಕೆ ಈ ಪುಸ್ತಕ ಕೊಟ್ಟು, ಓದು, ವಾಪಸ್ ಕೊಡಲು ಅವಸರವಿಲ್ಲ ಎಂದಳು. ಅಷ್ಟರಲ್ಲಿ ಗುನ್‌ವೋರ್ ಅವರ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದು ಗಡಿಬಿಡಿಯಲ್ಲಿ ಹೊರಟರು. ಪುಸ್ತಕ ಪೆಟ್ಟಿಗೆಯಲ್ಲೇ ಬಂದುಬಿಟ್ಟಿತು.

"ಕೊನೆಯಲ್ಲಿರುವ ಮುದ್ರೆ ನೋಡಿ. ಜಪಾನಿನಲ್ಲಿ ಪುಸ್ತಕದ ಒಡೆಯರು ಹೀಗೆ ಕೆಂಪು ಮುದ್ರೆ ಒತ್ತುತ್ತಾರೆ. ಇದರಲ್ಲಿರುವ ಹೆಸರು ಮೊರಿತಾ. ಆಕೆಯ ಗಂಡನ ಮನೆಯ ಹೆಸರು ಬೇರೆ. ಹಾಗಾದರೆ ಇದು ಆಕೆಯ ತವರಿನದು. ಆ ಮನೆಯಲ್ಲಿ ಅವಳದು ಅಂತ ಇದ್ದ ಒಂದೇ ವಸ್ತು ಇದು, ಅದನ್ನು ನಾನು ಎತ್ತಿಕೊಂಡು ಬಂದೆ."

"ನಮ್ಮಲ್ಲೂ ತವರಿಂದ ಕೊಟ್ಟ ಪಾತ್ರೆ ಮೇಲೆ ಹೆಸರು ಕೊರೆಸ್ತಾರೆ," ಎಂದಳು ಮಾಲತಿ ಮೆಲ್ಲಗೆ. "ಮನೆ ಯಾರದ್ದಾದ್ರೂ ಆಗ್ಲಿ, ಆ ಚೊಂಬು ನಂದು ಅಂತ ಗೊತ್ತಾಗತ್ತಲ್ಲ."

ಇಳಾ ಅದನ್ನು ಸ್ವೀಡಿಷ್‌ನಲ್ಲಿ ಹೇಳಿದಾಗ ಗುನ್‌ವೋರ್ ಮಾಲತಿಯನ್ನು ಆ ದಿನ ಮೊದಲ ಸಲ ನೋಡುವವರಂತೆ ನೋಡಿದರು. ಅವರ ನಲವತ್ತು ವರ್ಷದ ಕೆಲಸವೇ ಅದಾಗಿತ್ತಂತೆ. ಜಪಾನಿನ ಹೊಸ ಕಾಲದ ಕಾದಂಬರಿಗಳಲ್ಲಿ ಯಾವುದು ಯಾರ ಸ್ವತ್ತು, ಎನ್ನುವ ವಿಷಯ. ಮನೆ, ಗದ್ದೆ, ಅಂಗಡಿ ಎಲ್ಲಕ್ಕೂ ಅಪ್ಪನ ಹೆಸರು, ಆಮೇಲೆ ಹಿರಿಮಗನ ಹೆಸರು. ನೆಲ ಒರೆಸುವವಳ ಹೆಸರು ಯಾವ ಕಾಗದದಲ್ಲೂ ಇಲ್ಲ, ಆದರೂ ಬರೆಯುವವರು ಅವಳನ್ನು ಬಿಟ್ಟು ಆ ಮನೆಯ ಕಥೆ ಬರೆಯಲಾರರು. ಇದನ್ನು ಅವರು ಪುಸ್ತಕ ಬರೆದು, ತರಗತಿಯಲ್ಲಿ ಪಾಠ ಹೇಳಿ, ಪ್ರತಿ ಸಲವೂ ಈ ಮೊರಿತಾ ಮುದ್ರೆಯ ಉದಾಹರಣೆಯಿಂದಲೇ ಶುರುಮಾಡುತ್ತಿದ್ದರು. ಕದ್ದ ಪುಸ್ತಕ ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಪಾಟು ಮುಟ್ಟಬೇಡಿ ಎಂದದ್ದೂ ಆ ಅಳುಕಿಗೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾವ ದೇಶದಲ್ಲಿಲ್ಲ ಹೇಳಿ.

ಈ ಬೇಸಿಗೆಯಲ್ಲಿ ಅವರಿಗೆ ಕೋಬೆಯ ಆ ಮನೆಯಾಕೆಯ ಮೊಮ್ಮಗಳ ವಿಳಾಸ ಸಿಕ್ಕಿತ್ತು. ಸಾಯುವ ಮುಂಚೆ ಹಿಂದಿರುಗಿಸಿಬಿಡೋಣವೆಂದು ಬಂದರೆ ಈ ಕಲೆ.

"ನೀವು ಏನು ಮಾಡಿದಿರಿ, ಯಾಕೆ ಮಾಡಿದಿರಿ ಅಂತ ನಿಮ್ಮ ಕೈಯಲ್ಲೇ ಬರೆದುಕೊಡಿ," ಎಂದರು. "ಪುಸ್ತಕದ ಫೋಟೋ ಜೊತೆ ಕಳಿಸುತ್ತೇನೆ. ಕೇಳದೆ ಅವರ ಮುಂದೆ ಇದನ್ನು ಇಡಲಾರೆ."

ಮಾಲತಿ ಒಂದು ಹಾಳೆ ಕನ್ನಡದಲ್ಲಿ ಬರೆದಳು. ಇಳಾ ಅದನ್ನು ಸ್ವೀಡಿಷ್‌ಗೆ ಮಾಡಿದಳು, ಗುನ್‌ವೋರ್ ಜಪಾನೀ ಭಾಷೆಗೆ ಮಾಡುವುದೆಂದಾಯಿತು. ಕೊನೆಯಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಾಗೆ ಅಪ್ಪನ ಹೆಸರು ಸೇರಿಸಿ ಮಾಲತಿ ಶೇಷಾದ್ರಿ ಎಂದು ಇಂಗ್ಲಿಷಿನಲ್ಲಿ ಸಹಿ ಮಾಡಿದಳು. ಗುನ್‌ವೋರ್ ಪುಸ್ತಕವನ್ನು ಟವೆಲ್‌ನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ನಾಲ್ಕು ಗಂಟೆಯ ರೈಲಿಗೆ ಹೊರಟುಹೋದರು. ಒಪ್ಪಂದದ ಮಾತೇ ಎತ್ತಲಿಲ್ಲ. ಕೇಳುವ ಧೈರ್ಯ ಇವರಿಗೂ ಇರಲಿಲ್ಲ.

ಆಮೇಲಿನ ಮೂರು ವಾರ ಆ ಮನೆಯಲ್ಲಿ ಅನ್ನ ಬೇಯುತ್ತಿತ್ತು, ಯಾರಿಗೂ ಸೇರುತ್ತಿರಲಿಲ್ಲ. ಯೋಗೀಶ ವಿಚಿತ್ರವಾಗಿ ಮೆತ್ತಗಾಗಿದ್ದ. ಬೈಯುವುದನ್ನೇ ಬಿಟ್ಟಿದ್ದ. ಒಂದು ಸಂಜೆ ಅವನು ಎಸ್ಕಿಲ್‌ಸ್ಟುನಾದ ಮನೆಗಳ ಜಾಹೀರಾತು ನೋಡುತ್ತಿದ್ದುದು ಮಾಲತಿಯ ಕಣ್ಣಿಗೆ ಬಿತ್ತು. ಅಲ್ಲಿಂದ ಕಿಸ್ಟಾಗೆ ಓಡಾಡುವುದೆಂದರೆ ದಿನಕ್ಕೆ ಮೂರು ಗಂಟೆ. ಇಳಾಗೆ ನಾಲ್ಕನೆಯ ಶಾಲೆ. ಇದೆಲ್ಲ ತನ್ನ ಒಂದು ಬೆರಳು ಅರಿಶಿನದಿಂದ ಆಯಿತಲ್ಲ ಎಂದು ಮಾಲತಿ ದೇವರ ಮುಂದೆ ನಿಂತು ಜಗಳವಾಡಿದಳು. "ನಿನಗೆ ಹಚ್ಚಿದ್ದು ತಾನೇ? ನೀನೇ ನೋಡ್ಕೋ," ಎಂದಳು.

ಡಿಸೆಂಬರಿನ ಎರಡನೆಯ ಭಾನುವಾರ, ದೋಸೆಗೆ ಕಾವಲಿ ಇಟ್ಟ ಹೊತ್ತಿಗೆ ಗುನ್‌ವೋರ್ ವಿಡಿಯೋ ಕಾಲ್ ಮಾಡಿದರು. ಯೋಗೀಶ ಸ್ಪೀಕರ್ ಹಾಕಿದ. ಇಳಾ ಅಮ್ಮನ ಪಕ್ಕ ಬಂದು ನಿಂತಳು.

"ಉತ್ತರ ಬಂತು," ಎಂದರು ಗುನ್‌ವೋರ್. ಅವರ ಕಣ್ಣು ಕೆಂಪಗಿತ್ತು, ಬಾಯಿ ನಗುತ್ತಿತ್ತು. "ಮೊಮ್ಮಗಳು ಬರೆದಿದ್ದಾಳೆ. ಮೊರಿತಾ ಅವಳ ಅಜ್ಜಿಯ ತವರು ಅಲ್ಲವಂತೆ. ಬೀದಿಯ ಕೊನೆಯಲ್ಲಿದ್ದ, ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯಂತೆ."

ಅವರು ಕಾಗದ ಓದಿದರು, ಇಳಾ ಸಾಲು ಸಾಲಾಗಿ ಕನ್ನಡಕ್ಕೆ ತಂದಳು. ಯುದ್ಧದ ಕೊನೆಯ ವರ್ಷ ಅಜ್ಜಿ ಇನ್ನೂ ಹುಡುಗಿ. ಮೊರಿತಾ ಅಂಗಡಿಯಿಂದ ಐದು ದಿನಕ್ಕೆಂದು ಈ ಪುಸ್ತಕ ತಂದಿದ್ದಳು. ಮೂರನೆಯ ದಿನ ಊರಿಗೆ ಬಾಂಬ್ ಬಿತ್ತು. ಅಂಗಡಿಯೂ ಹೋಯಿತು, ಅಂಗಡಿಯವನೂ ಹೋದ. ಬಾಡಿಗೆಗೆ ಹೋಗಿದ್ದರಿಂದ ಇದೊಂದು ಉಳಿಯಿತು. ಅಜ್ಜಿಗೆ ಅದನ್ನು ಇಟ್ಟುಕೊಳ್ಳಲು ಮನಸ್ಸಿಲ್ಲ, ಎಸೆಯಲು ಕೈಬರುವುದಿಲ್ಲ, ಕೊಡೋಣವೆಂದರೆ ಯಾರಿಗೆ ಕೊಡುವುದು. ಮೂವತ್ತು ವರ್ಷ ಸೀರೆಪೆಟ್ಟಿಗೆಯಂಥ ಅವರ ಬಟ್ಟೆಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದಳು. ಕೊನೆಗೆ ಬಾಡಿಗೆಗಿದ್ದ ಸ್ವೀಡನ್ ಹುಡುಗಿಯ ಕೈಗೆ ಹಾಕಿದಳು. ಅವಳು ವಾಪಸ್ ಕೊಡದೆ ಹೋದಾಗ, ಅಬ್ಬಾ, ಇನ್ನು ನೆಮ್ಮದಿಯಾಗಿ ಮಲಗಬಹುದು ಅಂದಳಂತೆ. ಅದನ್ನು ಮನೆಯವರೆಲ್ಲ ನಗುತ್ತಾ ನೆನೆಸಿಕೊಳ್ಳುತ್ತಾರಂತೆ.

"ದಯವಿಟ್ಟು ಕಳಿಸಬೇಡಿ, ಅದು ನಮ್ಮದಲ್ಲ, ಅಂತ ಬರೆದಿದ್ದಾಳೆ," ಎಂದರು ಗುನ್‌ವೋರ್. "ಭಾರತದ ಆ ಹೆಂಗಸಿಗೆ ನಮಸ್ಕಾರ ತಿಳಿಸಿ, ಮೊರಿತಾ ಅಂಗಡಿಯ ಪುಸ್ತಕಗಳಿಗೆ ಯಾರೂ ಒಂದು ಹೂವು ಇಟ್ಟಿರಲಿಲ್ಲ, ಅಂತಲೂ ಬರೆದಿದ್ದಾಳೆ."

ಮಾಲತಿ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ಕಾವಲಿ ಹೊಗೆಯಾಡುತ್ತಿತ್ತು, ಇಳಾ ಹೋಗಿ ಆರಿಸಿದಳು.

"ನನ್ನ ನಲವತ್ತು ವರ್ಷದ ಉದಾಹರಣೆ ನೀರುಪಾಲಾಯಿತು," ಎಂದು ಗುನ್‌ವೋರ್ ನಗುತ್ತಲೇ ಇದ್ದರು. "ಆದರೂ ಇವತ್ತಿನಷ್ಟು ಹಗುರ ನನಗೆ ಎಂದೂ ಆಗಿಲ್ಲ. ಸರಿ, ಅದಿರಲಿ. ನೀವು ಒಪ್ಪಂದಕ್ಕೆ ಸಹಿ ಮಾಡಿ ಯಾಕೆ ಕಳಿಸಿಲ್ಲ? ಹೌಸಿಂಗ್ ಸೊಸೈಟಿ ಬೋರ್ಡಿನವರು ದಿನಾ ಕೇಳುತ್ತಿದ್ದಾರೆ."

"ಯಾವ ಒಪ್ಪಂದ?" ಎಂದಳು ಮಾಲತಿ.

"ನಾನು ಬಂದುಹೋದ ಮುಂದಿನ ಸೋಮವಾರವೇ ಪೋಸ್ಟ್ ಮಾಡಿದೆನಲ್ಲ."

ಮನೆಗೆ ಬಂದ ಟಪಾಲು ತೆಗೆಯುತ್ತಿದ್ದವನು ಯೋಗೀಶ, ಎಲ್ಲರೂ ಅವನ ಕಡೆ ತಿರುಗಿದರು. ಅವನು ಹೋಗಿ ಆಫೀಸ್ ಬ್ಯಾಗಿನ ಒಳಜೇಬಿನಿಂದ ಒಂದು ದಪ್ಪ ಲಕೋಟೆ ತಂದ. ಅಂಚು ಸವೆದಿತ್ತು, ಅಂಟು ಮಾತ್ರ ಹಾಗೇ ಇತ್ತು.

"ಹೋದ ಎರಡು ಮನೇಲೂ ಇಂಥದೇ ಕವರ್ ಬಂದಿತ್ತು, ಖಾಲಿ ಮಾಡಿ ಅಂತ," ಎಂದ ತಲೆ ತಗ್ಗಿಸಿ. "ಇಳಾ ನಾಲ್ಕು ದಿನ ಖುಷಿಯಾಗಿರ್ಲಿ ಅಂತ... ಒಡೀಲಿಲ್ಲ."

ಮೂರು ವಾರ ಆ ಭಾರವನ್ನು ಒಬ್ಬನೇ ಹೊತ್ತು ಮೆಟ್ರೋದಲ್ಲಿ ಓಡಾಡಿದ ಗಂಡನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ಮಾಲತಿಗೆ ತಿಳಿಯಲಿಲ್ಲ. "ನಿಮ್ಮಂಥ ಪೆದ್ದು ಈ ಭೂಮಿ ಮೇಲಿಲ್ಲ," ಎಂದು ಲಕೋಟೆ ಕಿತ್ತುಕೊಂಡು ಒಡೆದಳು. ಎರಡು ವರ್ಷದ ಹೊಸ ಒಪ್ಪಂದ. ಕಪಾಟು ಮುಟ್ಟಕೂಡದೆಂಬ ಒಂಬತ್ತನೆಯ ಷರತ್ತಿನ ಮೇಲೆ ಪೆನ್ನಿನಲ್ಲಿ ಒಂದು ಗೆರೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ, ಇಲ್ಲಿ ದೊಣ್ಣೆಯನ್ನು ಯಾರೂ ಬೀಸಿಯೇ ಇರಲಿಲ್ಲ. ಇಳಾ ರೂಮಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೆಳತಿಯ ಜೊತೆ ಫೋನಿನಲ್ಲಿ ನಗುವುದು ಕೇಳಿಸಿತು.

ಮಾಲತಿ ಕೊನೆಯ ಹಾಳೆ ತಿರುಗಿಸಿದಳು. ಬಾಡಿಗೆದಾರರು ಎನ್ನುವ ಕಡೆ ಒಂದರ ಕೆಳಗೆ ಒಂದು ಎರಡು ಹೆಸರು ಅಚ್ಚಾಗಿತ್ತು. ಒಂದು ಯೋಗೀಶನದು. ಇನ್ನೊಂದನ್ನು ಅವಳು ಎರಡು ಸಲ ಓದಿಕೊಂಡಳು. ಈ ದೇಶದಲ್ಲಿ ಐದು ಮನೆಯ ನೆಲ ಒರೆಸಿದ್ದಳು, ಐದರ ಕಾಗದದಲ್ಲೂ ಅವಳು ಇರಲಿಲ್ಲ. ಇರಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಯೋಗೀಶನಿಗೂ ಹೊಳೆದಿರಲಿಲ್ಲ.

"ನಿಮ್ಮ ಪತ್ರದಿಂದ ನೋಡಿ ಬರೆಸಿದೆ," ಎಂದರು ಫೋನಿನೊಳಗಿಂದ ಗುನ್‌ವೋರ್. "ಅಕ್ಷರ ಸರಿಯಾಗಿದೆಯೇ?"

ಸರಿಯಾಗಿದೆ ಎಂದು ಮಾಲತಿ ತಲೆಯಾಡಿಸಿದಳು. ಯೋಗೀಶ ಅಂಗಿಯ ಜೇಬಿನಿಂದ ಪೆನ್ನು ತೆಗೆದು ಅವಳಿಗೇ ಮೊದಲು ಕೊಟ್ಟ.

"ಎಲ್ಲಿ ಸೈನ್ ಮಾಡ್ಬೇಕು ಗೊತ್ತಾಯ್ತಾ?" ಎಂದ.

"ಗೊತ್ತು ಬಿಡಿ," ಎಂದಳು. "ನನ್ನ ಹೆಸರು ಇದ್ಯಲ್ಲ, ಅಲ್ಲಿ."